ಸ್ಪಷ್ಟನೆ: ಸಕ್ಕರೆ ತಪಾಸಣಾ ಶಿಬಿರದಲ್ಲಿ 140 ದಾಟಿದವರೆಲ್ಲ ಸಕ್ಕರೆ ಕಾಯಿಲೆಯವರಲ್ಲ

“ಶಿಬಿರದಲ್ಲಿ 140 ದಾಟಿದವರಿಗೆಲ್ಲ ಶುಗರ್ ಬಂದಿದೆ, ಜಿಲ್ಲೆಯಲ್ಲಿ ಕಾಯಿಲೆ ದಿಢೀರ್ ಏರಿದೆ” ಎಂಬ ಸಂದೇಶ ರಾಯಚೂರು, ಸಿಂಧನೂರು ಕಡೆ ಹರಿದಾಡುತ್ತಿದೆ. ಇದು ತಪ್ಪು ತಿಳಿವಳಿಕೆ.

ಊಟದ ಹೊತ್ತು ನೋಡದೆ ಬೆರಳು ಚುಚ್ಚಿ ನೋಡಿದ ರಕ್ತದ ಸಕ್ಕರೆ 140 (ಡೆಸಿಲೀಟರ್‌ಗೆ ಮಿಲಿಗ್ರಾಂ) ದಾಟಿದರೆ ಅದು ಅನುಮಾನ ಮಾತ್ರ. ಖಚಿತವಾಗಲು ತೋಳಿನ ರಕ್ತನಾಳದಿಂದ ತೆಗೆದ ರಕ್ತ ಬೇಕು: 8 ಗಂಟೆ ಖಾಲಿ ಹೊಟ್ಟೆಯಲ್ಲಿದ್ದು 126 ಅಥವಾ ಹೆಚ್ಚು, ಇಲ್ಲವೇ 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ 200 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇ 6.5 ಅಥವಾ ಹೆಚ್ಚು. ಲಕ್ಷಣಗಳಿಲ್ಲದವರಿಗೆ ಮತ್ತೊಮ್ಮೆ ಪರೀಕ್ಷೆ ಆಗಲೇಬೇಕು. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದನ್ನು ಮರೆಯುವಂತಿಲ್ಲ.

ಬೆರಳಿಗೆ ಬಾಳೆಹಣ್ಣು, ಬೆಲ್ಲದ ಅಂಟು ಉಳಿದಿದ್ದರೂ ಅಂಕಿ ಜಿಗಿಯುತ್ತದೆ. ಸೋಪಿನಿಂದ ಕೈ ತೊಳೆದು, ಪೂರ್ತಿ ಒರೆಸಿ ಚುಚ್ಚಿಸಿಕೊಳ್ಳಿ. ರಕ್ತದ ಹನಿ ಹಾಕಿ ನೋಡುವ ಸ್ಟ್ರಿಪ್‌ಗಳು ಸಾಮಾನ್ಯವಾಗಿ 30 ಡಿಗ್ರಿಯೊಳಗಿರಬೇಕು. ನಮ್ಮ ಬೇಸಿಗೆಯಲ್ಲಿ ಶಾಮಿಯಾನದ ಕೆಳಗೆ ಮುಚ್ಚಳ ತೆರೆದಿಟ್ಟ ಡಬ್ಬಿಯನ್ನು ನಂಬಬೇಡಿ.

ಇನ್ನು ಏರಿಕೆಯ ಮಾತು. ಶಿಬಿರಕ್ಕೆ ಹೆಚ್ಚಾಗಿ ಬರುವವರು ಸುಸ್ತು, ಬಾಯಾರಿಕೆ ಇದ್ದವರು, ಮನೆಯಲ್ಲಿ ಕಾಯಿಲೆ ಕಂಡವರು. ತಪಾಸಣೆ ಹೆಚ್ಚಿದಾಗ ಹಳೆಯ, ಗೊತ್ತಿರದ ಪ್ರಕರಣಗಳೂ ಹೊರಬರುತ್ತವೆ. ಕಾಯಿಲೆ ದೊಡ್ಡದಲ್ಲ ಎಂದಲ್ಲ: 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹವಿತ್ತು. ಆದ್ದರಿಂದ 140 ದಾಟಿದವರು ಅಂಗಡಿ ಮಾತ್ರೆ ನುಂಗದೆ, ಚೀಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.