ಮಾರಿಯೋ ಪಕ್ಷ, ಕಾಂಟ್ರಾ ಪಕ್ಷ

ನಲವತ್ತು ದಾಟಿದ ನಾಲ್ಕು ಜನ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತರೆ ಮೊದಲು ಶುಗರ್ ವಿಷಯ ಬರುತ್ತದೆ, ಆಮೇಲೆ ಸೈಟಿನ ರೇಟು, ಮೂರನೆಯದಾಗಿ ಹಳೇ ವಿಡಿಯೋ ಗೇಮು. ಮೊದಲೆರಡರಲ್ಲಿ ಒಮ್ಮತವಿರುತ್ತದೆ. ಮೂರನೆಯದು ಮಾತ್ರ ಹೋಳಿಗೆ ಖಾಲಿಯಾದರೂ ಮುಗಿಯುವುದಿಲ್ಲ. ಹಾರುವ ಆಟ, ಗುಂಡು ಸುಡುವ ಆಟ, ಹೊಡೆದಾಟದ ಆಟ: ಇವುಗಳಲ್ಲಿ ಮುಂದಿನ ಆಟಗಳಿಗೆ ಹೆಚ್ಚು ಆಸ್ತಿ ಬಿಟ್ಟುಹೋದದ್ದು ಯಾವುದು?

ಒಳ್ಳೆಯ ಗುಣ ಎಣಿಸಿ ಈ ವ್ಯಾಜ್ಯ ತೀರುವುದಿಲ್ಲ. ಯಾರ ಎಡವಟ್ಟು ಹೆಚ್ಚು ಕಾಲ ಬಾಳಿತು ಎಂದು ನೋಡುವುದೇ ಸರಿ.

ಮಾರಿಯೋ ಪಕ್ಷದ ವಾದ ಗಟ್ಟಿಯಾಗಿಯೇ ಇದೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ 32 ಹಂತಗಳನ್ನು 40 ಕಿಲೋಬೈಟಿನೊಳಗೆ ತುರುಕಿತು. ಬೆಳಗಾದರೆ ವಾಟ್ಸಾಪಿಗೆ ಬಂದು ಬೀಳುವ ಶುಭೋದಯದ ಗುಲಾಬಿಯೇ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. 1981ರ ‘ಡಾಂಕಿ ಕಾಂಗ್’ನಲ್ಲಿ ಒಮ್ಮೆ ಹಾರಿದರೆ ಮುಗಿಯಿತು, ನೆಲಕ್ಕೆ ಬೀಳುವವರೆಗೆ ಯಾರ ಮಾತೂ ನಡೆಯದು. ಇಲ್ಲಿ ಎ ಗುಂಡಿಯನ್ನು ಒತ್ತಿ ಹಿಡಿದಷ್ಟೂ ಎತ್ತರ ಹಾರಬಹುದು, ಗಾಳಿಯಲ್ಲಿದ್ದಾಗಲೇ ದಿಕ್ಕನ್ನೂ ತಿದ್ದಬಹುದು. ಅಷ್ಟಾದರೂ ಗುಂಡಿಯೊತ್ತುವಾಗ ರಿಮೋಟನ್ನೇ ಮೇಲಕ್ಕೆ ಎಗರಿಸುವ ಚಾಳಿ ಯಾರಿಗೂ ಹೋಗಲಿಲ್ಲ.

ಇದರ ಎಡವಟ್ಟು 3-1 ಎಂಬ ಹಂತದ ಕೊನೆಯ ಮೆಟ್ಟಿಲಿನಲ್ಲಿದೆ. ಇಳಿದು ಬರುವ ಆಮೆಯ ಮೇಲೆ ಸರಿಯಾಗಿ ಹಾರಿದರೆ ಚಿಪ್ಪು ಮೆಟ್ಟಿಲಿಗೆ ಬಡಿದು ಕಾಲಡಿಗೇ ವಾಪಸು ಬರುತ್ತದೆ, ಮತ್ತೆ ಮತ್ತೆ ತುಳಿಯುತ್ತಿದ್ದರೆ ಜೀವ ಏರುತ್ತಲೇ ಹೋಗುತ್ತದೆ. ಆದರೆ ಲೆಕ್ಕ ಇಟ್ಟಿರುವುದು ಒಂದೇ ಬೈಟಿನಲ್ಲಿ. 127 ದಾಟಿತೋ, ಯಂತ್ರ ಅದನ್ನು ಋಣಸಂಖ್ಯೆ ಎಂದು ಓದುತ್ತದೆ, ಮುಂದಿನ ಸಾವಿಗೇ ಗೇಮ್ ಓವರ್. ಜೀವ ಜಾಸ್ತಿಯಾಗಿ ಸತ್ತವರನ್ನು ಬೇರೆಲ್ಲೂ ನೋಡಲು ಸಿಗುವುದಿಲ್ಲ. ಎಡವಟ್ಟು ಚೆನ್ನಾಗಿದೆ ನಿಜ, ಆದರೆ ಇದರಿಂದ ಯಾವ ವಂಶವೂ ಬೆಳೆಯಲಿಲ್ಲ.

ಹೊಡೆದಾಟದವರ ಕಥೆ ಬೇರೆ. 1991ರ ‘ಸ್ಟ್ರೀಟ್ ಫೈಟರ್ 2’ ತಯಾರಾಗುತ್ತಿದ್ದಾಗ, ಕಾರು ಪುಡಿ ಮಾಡುವ ಬೋನಸ್ ಹಂತವನ್ನು ನೋಡುತ್ತಿದ್ದ ಕ್ಯಾಪ್‌ಕಾಮ್ ಕಂಪನಿಯ ನೊರಿಟಾಕಾ ಫುನಾಮಿಜು ಅವರಿಗೆ ಒಂದು ಏಟಿನ ಬೆನ್ನಿಗೇ ಇನ್ನೊಂದು ಏಟು ನುಸುಳುವುದು ಕಂಡಿತು. ಇಷ್ಟು ಸೂಕ್ಷ್ಮ ಸಮಯ ಹಿಡಿಯುವುದು ಯಾರಿಗೂ ಆಗದು ಎಂದುಕೊಂಡು ಅದನ್ನು ಹಾಗೇ ಬಿಟ್ಟರು. ಆಟಗಾರರು ಹಿಡಿದೇಬಿಟ್ಟರು. ‘ಕಾಂಬೋ’ ಎಂಬ ವಿದ್ಯೆ ಹುಟ್ಟಿದ್ದು ಹೀಗೆ, ಆಮೇಲೆ ಬಂದ ಹೊಡೆದಾಟದ ಆಟಗಳೆಲ್ಲ ಅದರ ಮೇಲೇ ನಿಂತವು. ನಮ್ಮಲ್ಲಿ ಬಹುಪಾಲು ಜನ ಕಾಂಬೋಗಿಂತ ಮೊದಲು, ಕೈಯಿಂದ ಶಕ್ತಿಯ ಚೆಂಡು ಎಸೆಯುವ ಹಡೂಕೆನ್‌ನಲ್ಲೇ ಮುಗ್ಗರಿಸಿದರು. ಕೆಳಗೆ, ಕೆಳಗೆ-ಮುಂದೆ, ಮುಂದೆ, ಪಂಚ್: ಇಷ್ಟೇ. ನಡುವಿನ ಓರೆ ದಿಕ್ಕು ತಪ್ಪಿದರೆ ಚೆಂಡು ಹೋಗುವುದಿಲ್ಲ. ಮುಂದಕ್ಕೆ ನಡೆಯುತ್ತಲೇ ಹಾಕಲು ಹೋದರೆ ‘ಮುಂದೆ, ಕೆಳಗೆ, ಕೆಳಗೆ-ಮುಂದೆ’ ಎಂದು ಯಂತ್ರ ಓದಿಕೊಂಡು, ಮೇಲಕ್ಕೆ ಎಗರಿ ಗುದ್ದುವ ಶೋರ್ಯೂಕೆನ್ ಹಾರಿಸಿಬಿಡುತ್ತದೆ. ಎದುರಾಳಿ ಆರಾಮಾಗಿ ಕೆಳಗೆ ನಿಂತು ಇವರು ಇಳಿಯುವುದನ್ನೇ ಕಾಯುತ್ತಾನೆ. ಮಾಡಬೇಕಾದ್ದು ಇಷ್ಟೇ, ಜಾಯ್‌ಸ್ಟಿಕ್ ಕಡ್ಡಿಯನ್ನು ಒಮ್ಮೆ ಪೂರ್ತಿ ಬಿಟ್ಟು ಆಮೇಲೆ ಶುರು ಮಾಡಬೇಕು. ಸಿಟ್ಟಿನಲ್ಲಿರುವವರಿಗೆ ಅದೊಂದೇ ಆಗದ ಕೆಲಸ.

ಇನ್ನು ಸುಡುವ ಆಟ. ನಮ್ಮ ಪೈಕಿಯವರಿಗೆ ಇದರ ಇಷ್ಟದೇವತೆ ‘ಕಾಂಟ್ರಾ’. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ, ಸ್ಟಾರ್ಟ್: ಗುಂಡಿಗಳನ್ನು ಇದೇ ಕ್ರಮದಲ್ಲಿ ಒತ್ತಿದರೆ 30 ಜೀವ. 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುತ್ತಿದ್ದ ಕಜುಹಿಸಾ ಹಶಿಮೊಟೊ ಆಟ ತಮಗೇ ಕಷ್ಟವಾಯಿತೆಂದು ಹಾಕಿಕೊಂಡ ಕಳ್ಳದಾರಿ ಇದು, ಆಮೇಲೆ ‘ಕಾಂಟ್ರಾ’ಕ್ಕೂ ಬಂತು. ಮಂತ್ರದಲ್ಲಿ ‘ಸೆಲೆಕ್ಟ್’ ಸೇರಿಸಿ ಹೇಳುವವರ ಜೊತೆ ಜಗಳಕ್ಕೆ ಹೋಗಬೇಡಿ, ಅದು ಇಬ್ಬರ ಆಟ ಆರಿಸಲು ಒತ್ತುವ ಗುಂಡಿ, ಅಷ್ಟೆ. ನಕಲಿ ರಿಮೋಟುಗಳ ಟರ್ಬೋ ಗುಂಡಿಯಲ್ಲಿ ಮಾತ್ರ ಇದನ್ನು ಒತ್ತಬಾರದು. ಒಂದು ‘ಬಿ’ ಹೋಗುವ ಕಡೆ ನಾಲ್ಕು ಹೋಗಿ ಮಂತ್ರ ಕೆಡುತ್ತದೆ.

ಮೂವತ್ತು ಜೀವವೂ ಜಲಪಾತದ ಹಂತಕ್ಕೆ ಸಾಲುವುದಿಲ್ಲ. ಅಲ್ಲಿ ಪರದೆ ಮೇಲೆ ಹತ್ತಿದವನ ಜೊತೆ ಸರಿಯುತ್ತದೆ, ಕೆಳಗೆ ಉಳಿದವನಿಗೆ ಪರದೆಯ ಅಂಚೇ ಪ್ರಪಾತ. ಅಣ್ಣ ಅವಸರದಲ್ಲಿ ಎರಡು ಬಂಡೆ ಹತ್ತಿದ, ತಮ್ಮ ಹೋದ. “ಅಮ್ಮಾ, ಇವನು ಬೇಕಂತಲೇ ಸಾಯಿಸಿದ!” ಎಂಬ ದೂರು ಎದ್ದ ಮನೆಗಳಿಗೆ ಲೆಕ್ಕವಿಲ್ಲ.

ಆದರೆ ಈ ಪಕ್ಷದ ಆಸ್ತಿಪತ್ರ ಇರುವುದು ಇನ್ನೂ ಹಿಂದೆ, 1978ರಲ್ಲಿ. ಟೈಟೋ ಕಂಪನಿಯ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ 5 ಸಾಲು, ಸಾಲಿಗೆ 11ರಂತೆ, ಆಟಗಾರ ಸುಡಬೇಕಾದ 55 ಅನ್ಯಗ್ರಹ ಜೀವಿಗಳನ್ನು ನಿಲ್ಲಿಸಿದರು. ಒಳಗಿದ್ದ ಇಂಟೆಲ್ 8080 ಚಿಪ್ಪಿಗೆ ಅಷ್ಟನ್ನೂ ಒಟ್ಟಿಗೆ ಸರಿಸುವ ತಾಕತ್ತಿರಲಿಲ್ಲ, ಪರದೆಯ ಒಂದು ಫ್ರೇಮಿಗೆ ಒಂದೇ ಜೀವಿ ಅಲುಗುತ್ತಿತ್ತು. ಸೆಕೆಂಡಿಗೆ 60 ಫ್ರೇಮಾದರೆ ಇಡೀ ಸೈನ್ಯ ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು. ಅರ್ಧ ಸತ್ತರೆ ಅರ್ಧ ಸೆಕೆಂಡು. ಒಬ್ಬನೇ ಉಳಿದರೆ ಪ್ರತಿ ಫ್ರೇಮಿಗೂ ಅವನದೇ ಸರದಿ, ಕೈಗೇ ಸಿಗುವುದಿಲ್ಲ. ಯಂತ್ರದ ಬಡತನದಿಂದ ಬಂದ ಈ ಓಟವನ್ನು ನಿಶಿಕಾಡೊ ಸರಿಪಡಿಸಲು ಹೋಗದೆ ಇಟ್ಟುಕೊಂಡರು. ಗೆಲ್ಲುತ್ತ ಹೋದಂತೆ ಎದೆಬಡಿತ ಏರುವ ಆಟಗಳಿಗೆಲ್ಲ ಇದೇ ಮೂಲಪುರುಷ. ಸಾಲು ತುಂಬಿದಷ್ಟೂ ಜೋರಾಗಿ ಇಟ್ಟಿಗೆ ಸುರಿಸುವ ‘ಟೆಟ್ರಿಸ್’ ಪಕ್ಷದವರು ಮೂಲೆಯಲ್ಲಿ ಕೂತು ಮುಗುಳ್ನಗುತ್ತಿದ್ದರೆ ಅವರಿಗೂ ಇದನ್ನು ತಿಳಿಸಬಹುದು.

ಹಾಗಾಗಿ ತೀರ್ಪು ಸುಡುವ ಆಟದ ಪರ. ಕಾಂಬೋ ಒಂದು ಮನೆತನವನ್ನು ಸಾಕಿತು, ಈ ಓಟ ಊರನ್ನೇ ಸಾಕಿತು.

ಇಷ್ಟಕ್ಕೆ ಸುಮ್ಮನಾಗದೆ ಯಾರಾದರೂ ಅಟ್ಟದಿಂದ ಹಳೇ ಗೇಮಿನ ಡಬ್ಬಿ ಇಳಿಸಿದರೆ ಒಂದೆರಡು ಎಚ್ಚರಿಕೆ ಬೇಕು. ಅಡಾಪ್ಟರಿನ ವೋಲ್ಟು, ಪಿನ್ನಿನ ಪ್ಲಸ್-ಮೈನಸ್ ಎರಡನ್ನೂ ಡಬ್ಬಿಯ ಗುರುತಿನ ಜೊತೆ ತಾಳೆ ನೋಡಿ. ‘9999 ಇನ್ 1’ ಕ್ಯಾಸೆಟ್ಟನ್ನು ನಂಬಬೇಡಿ, ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹಂತದಿಂದ ಶುರುವಾಗಿ ಪಟ್ಟಿ ತುಂಬಿಸಿರುತ್ತವೆ. ಕ್ಯಾಸೆಟ್ಟಿಗೆ ಉಫ್ ಎಂದು ಊದಬೇಡಿ. ಆಗ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದಾಗ 60 ಪಿನ್ನುಗಳು ಉಜ್ಜಿಕೊಂಡದ್ದು. ಎಂಜಲಿನ ತೇವ ತುಕ್ಕಿಗಷ್ಟೇ ಉಪಕಾರಿ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕಿ.

ಟಿವಿಗೆ ಗುರಿಯಿಡುವ ಆಟದ ಬಂದೂಕನ್ನು ಮಾತ್ರ ಅಟ್ಟದಲ್ಲೇ ಬಿಡಿ. ‘ಡಕ್ ಹಂಟ್’ನಲ್ಲಿ ಟ್ರಿಗರ್ ಎಳೆದ ಕ್ಷಣ ಪರದೆ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಕಣ್ಣು ಆ ಬೆಳಕನ್ನು ಸರಿಯಾದ ಗಳಿಗೆಯಲ್ಲಿ ಕಂಡರೆ ಏಟು ಲೆಕ್ಕಕ್ಕೆ. ಅದನ್ನು ಹೊಂದಿಸಿರುವುದು ಹಳೇ ಪಿಕ್ಚರ್ ಟ್ಯೂಬ್ ಟಿವಿಯ ಕಿರಣಕ್ಕೆ. ಎಲ್‌ಸಿಡಿ ಚಿತ್ರವನ್ನು ತಡವಾಗಿ ತೋರಿಸುತ್ತದೆ, ಆ ಮಿನುಗೂ ಅದರಲ್ಲಿಲ್ಲ. ಗಾಜಿಗೆ ಮೂತಿ ಅಂಟಿಸಿ ಸುಟ್ಟರೂ ಬಾತು ಹಾರಿಹೋಗುತ್ತದೆ, ಪೊದೆಯಿಂದ ಎದ್ದ ನಾಯಿ ಸುಡುವ ಪಕ್ಷದವರನ್ನು ನೋಡಿ ಕಿಸಕ್ಕನೆ ನಗುತ್ತದೆ.