ಮೊದಲು ಖಾತೆಗೆ ದುಡ್ಡು, ಆಮೇಲೆ ಪೆಟ್ರೋಲ್ ದರ

ನೈಜೀರಿಯಾದ ಪೆಟ್ರೋಲ್ ಸಬ್ಸಿಡಿ ಬಗ್ಗೆ ಅರ್ಥಶಾಸ್ತ್ರ ಬಲ್ಲವರ ಬರಹ ಓದಿದಾಗಲೆಲ್ಲ ಒಂದೇ ಮಾತು ಕಾಣುತ್ತದೆ: ತೆಗೆಯಲೇಬೇಕಿತ್ತು, ಅಧ್ಯಕ್ಷ ಟಿನುಬು ಧೈರ್ಯ ಮಾಡಿ ತೆಗೆದರು. ತೆಗೆಯಬೇಕಿತ್ತು ಅನ್ನುವುದನ್ನು ನಾನೂ ಒಪ್ಪುತ್ತೇನೆ. 2023ರ ಮೊದಲ ಆರು ತಿಂಗಳಿಗೇ ಸಬ್ಸಿಡಿಗೆಂದು ಎತ್ತಿಟ್ಟಿದ್ದು 3.36 ಲಕ್ಷ ಕೋಟಿ ನೈರಾ (ನೈರಾ ಅಂದರೆ ಅಲ್ಲಿನ ಹಣ). ಯಾರು ಹೆಚ್ಚು ಪೆಟ್ರೋಲ್ ಸುಡುತ್ತಾರೋ ಅವರಿಗೇ ಹೆಚ್ಚು ಲಾಭ, ಅಂದರೆ ಕಾರಿದ್ದವರಿಗೆ. ಮಿಕ್ಕಿದ್ದರಲ್ಲೂ ಸಾಕಷ್ಟು ಗಡಿ ದಾಟುತ್ತಿತ್ತು. ಪಕ್ಕದ ಬೆನಿನ್ ದೇಶದಲ್ಲಿ ರಸ್ತೆ ಬದಿ ಮೇಜು ಹಾಕಿ, ಗಾಜಿನ ಬಾಟಲಿಗಳಲ್ಲಿ ತುಂಬಿಟ್ಟು ಮಾರುತ್ತಿದ್ದ ಪೆಟ್ರೋಲ್ ನೈಜೀರಿಯಾದಿಂದ ಕದ್ದು ಸಾಗಿಸಿದ್ದು.

ನನ್ನ ತಕರಾರು ಏನಿದ್ದರೂ ತೆಗೆದ ರೀತಿಯ ಬಗ್ಗೆ.

2023ರ ಮೇ 29ರಂದು ಅಧಿಕಾರ ವಹಿಸಿಕೊಂಡ ಭಾಷಣದಲ್ಲೇ ಟಿನುಬು ಸಬ್ಸಿಡಿ ಮುಗಿಯಿತು ಅಂದುಬಿಟ್ಟರು. ಬಂಕ್‌ಗಳ ಮುಂದೆ ಸಾಲು ಬೆಳೆಯಿತು. ಲೀಟರಿಗೆ 200 ನೈರಾ ಆಸುಪಾಸಿನಲ್ಲಿದ್ದ ದರ ಎರಡು ದಿನದಲ್ಲಿ 500ರ ಹತ್ತಿರ ಬಂತು, ಜುಲೈ ಹೊತ್ತಿಗೆ ರಾಜಧಾನಿ ಅಬುಜಾದಲ್ಲಿ 617 ಆಯಿತು. ಇದರ ನಡುವೆ, ಜೂನ್‌ನಲ್ಲಿ, ನೈರಾದ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟರು. ಕಚ್ಚಾ ತೈಲ ರಫ್ತು ಮಾಡುವ ದೇಶವಾದರೂ ಸರ್ಕಾರಿ ರಿಫೈನರಿಗಳು ವರ್ಷಗಟ್ಟಲೆ ಕೆಟ್ಟು ನಿಂತಿದ್ದರಿಂದ ಪೆಟ್ರೋಲನ್ನು ಹೊರಗಿನಿಂದ ತರಿಸಬೇಕಿತ್ತು, ಅದೂ ಡಾಲರ್ ಕೊಟ್ಟು. ನೈರಾ ಕುಸಿದಷ್ಟೂ ಪೆಟ್ರೋಲ್ ತುಟ್ಟಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಅಬುಜಾದ ದರ ಸಾವಿರ ದಾಟಿತ್ತು.

ಅಲ್ಲಿ ಪೆಟ್ರೋಲ್ ಅಂದರೆ ಬರೀ ಗಾಡಿಗೆ ಹಾಕುವ ಎಣ್ಣೆಯಲ್ಲ. ಕರೆಂಟನ್ನು ನಂಬುವ ಹಾಗಿಲ್ಲ. ಹಾಗಾಗಿ ದರ್ಜಿ, ಕ್ಷೌರಿಕ, ತಣ್ಣನೆ ನೀರು ಮಾರುವವಳು, ಮೊಬೈಲ್ ಚಾರ್ಜ್ ಮಾಡಿಕೊಡುವವನು, ಎಲ್ಲರ ಅಂಗಡಿ ಬಾಗಿಲಲ್ಲೂ ಒಂದು ಪುಟ್ಟ ಪೆಟ್ರೋಲ್ ಜನರೇಟರ್. ದರ ಏರಿದರೆ ಈ ಅಂಗಡಿಗಳವರು ಕೆಲಸದ ಗಂಟೆ ಕಡಿಮೆ ಮಾಡಬೇಕು, ಇಲ್ಲ ಗಿರಾಕಿಯಿಂದ ಹೆಚ್ಚು ಕೇಳಬೇಕು. ಕೆಕೆ ಎಂದು ಕರೆಯುವ ಆಟೋದಲ್ಲಿ, ಲಾಗೋಸ್‌ನ ಹಳದಿ ಡ್ಯಾನ್ಫೋ ವ್ಯಾನಿನಲ್ಲಿ ಓಡಾಡುವವರಿಗೆ ಟಿಕೆಟ್ಟಿನ ಹೊಡೆತ ಬೇರೆ. ಕಾರಿದ್ದವರಿಗೆ ಹೆಚ್ಚು ಸಿಗುತ್ತಿತ್ತು ಅನ್ನುವುದು ಎಷ್ಟು ನಿಜವೋ, ಬಡವರಿಗೆ ಇದ್ದ ಸ್ವಲ್ಪವೂ ಹೋಯಿತು ಅನ್ನುವುದು ಅಷ್ಟೇ ನಿಜ. ತಜ್ಞರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಇದೇ ಆಟ 2012ರಲ್ಲಿ ಒಮ್ಮೆ ನಡೆದಿತ್ತು. ಹೊಸ ವರ್ಷದ ದಿನವೇ ಗುಡ್‌ಲಕ್ ಜೊನಾಥನ್ ಸರ್ಕಾರ ಸಬ್ಸಿಡಿ ತೆಗೆಯಿತು, 65 ನೈರಾ ಇದ್ದದ್ದು 141 ಆಯಿತು. ಕಾರ್ಮಿಕ ಸಂಘಗಳು ಮುಷ್ಕರ ಹೂಡಿದವು, ದೇಶವೇ ಬೀದಿಗಿಳಿಯಿತು, ಎರಡೇ ವಾರಕ್ಕೆ ದರವನ್ನು 97ಕ್ಕೆ ಇಳಿಸಬೇಕಾಯಿತು. ಅಂದು ವಿರೋಧ ಪಕ್ಷದಲ್ಲಿ ಕೂತು ಅದನ್ನು ಖಂಡಿಸಿದವರಲ್ಲಿ ಇದೇ ಟಿನುಬು ಇದ್ದರು. ಆಮೇಲೆ ಸಂಸದೀಯ ಸಮಿತಿ ತನಿಖೆ ಮಾಡಿದಾಗ, ತರಿಸದೇ ಇದ್ದ ಪೆಟ್ರೋಲಿಗೂ ಆಮದುದಾರರು ಸಬ್ಸಿಡಿ ಎತ್ತಿದ್ದು ಹೊರಬಿತ್ತು. ಆ ಸಮಿತಿಯ ಅಧ್ಯಕ್ಷ ಫಾರೂಕ್ ಲವಾನ್ ಅವರೇ ಅದೇ ತನಿಖೆಯಲ್ಲಿ ಲಂಚ ತೆಗೆದುಕೊಂಡಿದ್ದಕ್ಕೆ 2021ರಲ್ಲಿ ಜೈಲುಶಿಕ್ಷೆಗೆ ಗುರಿಯಾದರು. ಇಷ್ಟೆಲ್ಲ ಕಂಡ ಜನಕ್ಕೆ "ಸಬ್ಸಿಡಿ ಬಿಡಿ, ಆ ದುಡ್ಡಲ್ಲಿ ಆಸ್ಪತ್ರೆ, ರಸ್ತೆ ಮಾಡಿಕೊಡುತ್ತೇವೆ" ಅಂದರೆ ಅವರು ಹೇಗೆ ನಂಬಬೇಕು ಹೇಳಿ? ಸರ್ಕಾರದಿಂದ ಅವರ ಕೈಗೆ ನಿಜಕ್ಕೂ ತಲುಪುತ್ತಿದ್ದದ್ದು ಆ ಅಗ್ಗದ ಪೆಟ್ರೋಲ್ ಒಂದೇ.

ಬೇರೆ ದಾರಿ ಇರಲಿಲ್ಲ ಅನ್ನುವವರು ಇರಾನ್ ಕಡೆ ನೋಡಲಿ. 2010ರ ಡಿಸೆಂಬರ್‌ನಲ್ಲಿ ಅಲ್ಲಿ ಪಡಿತರದ ಪೆಟ್ರೋಲ್ ಲೀಟರಿಗೆ 1,000 ರಿಯಾಲಿನಿಂದ 4,000ಕ್ಕೆ ಏರಿತು. ಆದರೆ ಅದಕ್ಕೂ ಮೊದಲೇ ಮನೆಮನೆಯ ಖಾತೆಗೆ ಪರಿಹಾರದ ಹಣ ಜಮಾ ಆಗಿತ್ತು. ಖಾತೆಯಲ್ಲಿ ಕಾಣುತ್ತಿತ್ತು, ದರ ಏರಿದ ದಿನ ಡ್ರಾ ಮಾಡಲು ಬಿಟ್ಟರು. ನಾಲ್ಕು ಪಟ್ಟು ಏರಿಕೆಯಾದರೂ ಊರುಗಳು ಹೊತ್ತಿ ಉರಿಯಲಿಲ್ಲ. ಮುಂದೆ ಹಣದುಬ್ಬರ ಆ ಮೊತ್ತವನ್ನು ತಿಂದುಹಾಕಿತು, ಅದು ಬೇರೆ ಕಥೆ. ಅದೇ ಇರಾನ್ 2019ರ ನವೆಂಬರ್‌ನಲ್ಲಿ ನಡುರಾತ್ರಿ ದರ ಏರಿಸಿತು, ದುಡ್ಡು ಬಂದಿದ್ದು ಆಮೇಲೆ. ಆರ್ಥಿಕ ನಿರ್ಬಂಧ, ನಿರುದ್ಯೋಗದಿಂದ ಮೊದಲೇ ಕುದಿಯುತ್ತಿದ್ದ ಜನ ಬೀದಿಗೆ ಬಂದರು. ಸರ್ಕಾರ ಇಂಟರ್‌ನೆಟ್ ಕಡಿದು ಗುಂಡು ಹಾರಿಸಿತು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿಯ ಲೆಕ್ಕದಲ್ಲೇ ಸತ್ತವರು 300ಕ್ಕೂ ಹೆಚ್ಚು.

ನೈಜೀರಿಯಾದಲ್ಲಿ ದರ ಮೊದಲೇ ಏರಿತು. 1.2 ಕೋಟಿ ಕುಟುಂಬಗಳಿಗೆ ತಿಂಗಳಿಗೆ 8,000 ನೈರಾ ಎಂಬ ಯೋಜನೆ ಹೊರಬಂದಿದ್ದು ಜುಲೈನಲ್ಲಿ. ಇದು ಯಾವ ಮೂಲೆಗೆ ಅಂತ ಜನ ಬೈದ ಮೇಲೆ ತಡೆಹಿಡಿದರು. ನಂತರ ಬಂದ 25,000 ನೈರಾದ ಯೋಜನೆಯೂ, ಅದರ ಹೊಣೆ ಹೊತ್ತ ಸಚಿವೆಯ ಮೇಲೆ ಹಣ ದುರ್ಬಳಕೆಯ ಆರೋಪ ಬಂದು, 2024ರ ಜನವರಿಯಲ್ಲಿ ನಿಂತಿತು. ಕನಿಷ್ಠ ವೇತನ 30,000ದಿಂದ 70,000ಕ್ಕೆ ಏರಿದ್ದು ಆ ವರ್ಷದ ಜುಲೈನಲ್ಲಿ, ಹಣದುಬ್ಬರ ಶೇ 34 ಮುಟ್ಟಿದ ಮೇಲೆ. ಆಗಸ್ಟ್‌ನಲ್ಲಿ ಹಸಿವಿನ ವಿರುದ್ಧ ಜನ ಬೀದಿಗೆ ಬಂದರು. ಪೊಲೀಸರ ಗುಂಡಿಗೆ ಸತ್ತವರಿದ್ದಾರೆ. ಬಂಧಿಸಿದ ಹುಡುಗರನ್ನು ನವೆಂಬರ್‌ನಲ್ಲಿ ದೇಶದ್ರೋಹದ ಆರೋಪ ಹೊರಿಸಿ ಕೋರ್ಟಿಗೆ ತಂದಾಗ ಕೆಲವರು ನಿತ್ರಾಣರಾಗಿ ಅಲ್ಲೇ ಕುಸಿದರು. ದೇಶವೆಲ್ಲ ಛೀ ಅಂದ ಮೇಲೆ ಬಿಡುಗಡೆಗೆ ಆದೇಶ ಬಂತು.

ಸಬ್ಸಿಡಿ ಹೋದ ಮೇಲೆ ಫೆಡರಲ್ ಖಜಾನೆಯಿಂದ ರಾಜ್ಯಗಳಿಗೆ ಪ್ರತಿ ತಿಂಗಳು ಹೋಗುವ ಪಾಲು ಬಹಳ ಹೆಚ್ಚಿದೆ. ರಾಜ್ಯ ಸರ್ಕಾರ ನಡೆಸುವ ಗವರ್ನರ್‌ಗಳು ಅದನ್ನು ಯಾವ ಆಸ್ಪತ್ರೆಗೆ, ಯಾವ ಶಾಲೆಗೆ, ಯಾರ ಖಾತೆಗೆ ಹಾಕಿದರು ಅನ್ನುವ ಲೆಕ್ಕ ಬಿಡಿಬಿಡಿಯಾಗಿ ಹೊರಬರಬೇಕು. ಟಿನುಬು ಅವರ ಧೈರ್ಯವನ್ನು ಹೊಗಳುವ ಅರ್ಥಶಾಸ್ತ್ರಜ್ಞರು ಆ ಲೆಕ್ಕವನ್ನೂ ಅಷ್ಟೇ ಜೋರಾಗಿ ಕೇಳಲಿ.