ಕೊನೇ ಸೀಟಿನ ಚಿಕ್ಕಮ್ಮ ಮತ್ತು ನಮ್ಮ ಟರ್ಬೊ ಗಾಡಿ

ಗಾಡಿ ತಗೊಂಡು ಒಂದೂವರೆ ವರ್ಷ ಆಯ್ತು. ಅವತ್ತಿನಿಂದ ಇವತ್ತಿನವರೆಗೆ ಕಡಿಮೆ ಅಂದ್ರೂ ಹತ್ತು ಜನ ಇನ್‌ಬಾಕ್ಸಿಗೆ ಬಂದು ಕೇಳಿದ್ದಾರೆ. "ಅಕ್ಕಾ, ಏಳು ಸೀಟಿನ ಟರ್ಬೊ ಪೆಟ್ರೋಲ್ ಆಟೋಮ್ಯಾಟಿಕ್ ತಗೋಬಹುದಾ?" ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ. ಇಲ್ಲೇ ಒಂದ್ಸಲ ಬರೆದುಬಿಡ್ತೀನಿ. ಉದ್ದ ಆದರೆ ಬೈಕೋಬೇಡಿ.

ನಾನು ಡ್ರೈವಿಂಗ್ ಕಲಿತದ್ದು ಅಪ್ಪಯ್ಯನ ಮಾರುತಿ ವ್ಯಾನಿನಲ್ಲಿ. ಓಮ್ನಿ ಅಂತ ಹಿಂದೆ ಬರೆದಿದ್ದರೂ ತೀರ್ಥಹಳ್ಳಿಯಲ್ಲಿ ಯಾರೂ ಅದನ್ನು ಹಾಗೆ ಕರೆದದ್ದು ನಾನು ಕೇಳಿಲ್ಲ. ಬರೀ 'ವ್ಯಾನು'. 796 ಸಿಸಿ, ಮೂರು ಸಿಲಿಂಡರ್, ಹೆಚ್ಚುಕಮ್ಮಿ 35 ಕುದುರೆಶಕ್ತಿ. ಇಂಜಿನ್ ಇದ್ದದ್ದು ಮುಂದಿನ ಸೀಟಿನ ಅಡಿಯಲ್ಲಿ. ಬೇಸಿಗೆಯಲ್ಲಿ ಉಡುಪಿಯಿಂದ ವಾಪಸ್ ಬರುವಾಗ ಸೀಟು ದೋಸೆ ಕಾವಲಿ ಆಗುತ್ತಿತ್ತು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಶುರುವಾಯ್ತು ಅಂದ್ರೆ ಅಪ್ಪಯ್ಯ ಮಾತು ನಿಲ್ಲಿಸುತ್ತಿದ್ದರು. ಒಳಗೆ ಎಂಟು ಜನ, ಎರಡು ಚೀಲ ತೆಂಗಿನಕಾಯಿ. ಫಸ್ಟ್ ಗೇರಿನಲ್ಲಿ ವ್ಯಾನು ಅಳುತ್ತಾ ಹತ್ತುತ್ತಿತ್ತು. ಒಂದ್ಸಲ ಹಿಂದೆ ಬಸ್ಸು ಹಾರ್ನ್ ಹೊಡೀತಾ ಇತ್ತು, ತಿರುವಿನಲ್ಲಿ ವ್ಯಾನು ಆಫ್ ಆಯ್ತು. ದೊಡ್ಡಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಇನ್ನಿಬ್ಬರು ಮುಂದಿನ ತಿರುವಿನವರೆಗೆ ನಡೆದೇ ಬಂದರು. 14 ತಿರುವಿಗೂ ನನಗೆ ಒಂದೊಂದು ಕಥೆ ಇದೆ.

ಇದನ್ನು ಯಾಕೆ ಹೇಳಿದೆ ಅಂದ್ರೆ, ನಾನು ಟರ್ಬೊ ತಗೊಂಡದ್ದು ಆ ಘಾಟಿಗಾಗಿ. ತುಮಕೂರು ರೋಡಿನಲ್ಲಿ ಹಾರಿಸೋದಕ್ಕಲ್ಲ.

ನಮ್ಮದು ಕಿಯಾ ಕಾರೆನ್ಸ್. 1.5 ಲೀಟರ್ ಟರ್ಬೊ ಪೆಟ್ರೋಲ್, ಡಿಸಿಟಿ ಅನ್ನೋ ಏಳು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2022ರಲ್ಲಿ ಬಂದಾಗ ಇದಕ್ಕೆ 1.4 ಲೀಟರ್ ಟರ್ಬೊ ಇತ್ತು, ಮರುವರ್ಷ 1.5 ಆಯ್ತು. ತಯಾರಾಗೋದು ಪೆನುಕೊಂಡದ ಹತ್ತಿರ. ಬಾಗೇಪಲ್ಲಿ ದಾಟಿ ಹೈದರಾಬಾದ್ ರಸ್ತೆಯಲ್ಲಿ ಹೋದರೆ ಕಾರ್ಖಾನೆ ಸಿಗುತ್ತೆ. ಅಷ್ಟು ಪಕ್ಕದಲ್ಲೇ ಆದ್ರೂ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಏನೂ ಕಡಿಮೆ ಆಗಲ್ಲ ಬಿಡಿ. ನಾವು ತಗೊಂಡಾಗ 10ರಿಂದ 20 ಲಕ್ಷದೊಳಗಿನ ಗಾಡಿಗೆ ನೂರಕ್ಕೆ 17 ಇತ್ತು, ಅದರ ಮೇಲೆ ಸೆಸ್ಸು. ಆ ರಸೀದಿಯನ್ನು ನಾನು ಎರಡನೇ ಸಲ ನೋಡಿಲ್ಲ.

ಈಗ ಸ್ವಲ್ಪ ಲೆಕ್ಕ. ಇದೇ ಗಾಡಿ ಟರ್ಬೊ ಇಲ್ಲದ 1.5 ಪೆಟ್ರೋಲ್ ಇಂಜಿನ್ನಿನಲ್ಲೂ ಬರುತ್ತೆ. ಅದರ ಎಳೆಯುವ ಶಕ್ತಿ, ಅಂದ್ರೆ ಟಾರ್ಕ್, 144 ನ್ಯೂಟನ್ ಮೀಟರ್. ಅದೂ ಇಂಜಿನ್ ನಿಮಿಷಕ್ಕೆ 4500 ಸುತ್ತು ತಿರುಗಿದಾಗ. ಟರ್ಬೊದ್ದು 253, ಅದು 1500 ಸುತ್ತಿಗೇ ಸಿಗುತ್ತೆ. ಎರಡೂ ಒಂದೂವರೆ ಲೀಟರಿನವೇ. ವ್ಯತ್ಯಾಸ ಇಷ್ಟೇ: ಸೈಲೆನ್ಸರಿನಿಂದ ಸುಮ್ನೆ ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ತಿರುಗುತ್ತೆ. ಅದೇ ಕಡ್ಡಿಗೆ ಸಿಕ್ಕಿಸಿದ ಇನ್ನೊಂದು ಚಕ್ರ ಇಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತೆ. ಗಾಳಿ ಜಾಸ್ತಿ ಆದರೆ ಪೆಟ್ರೋಲ್ ಜಾಸ್ತಿ ಸುಡಬಹುದು. ಒಲೆಗೆ ಊದುಕೊಳವೆ ಹಿಡಿದ ಹಾಗೆ.

ಈ 1500 ಅನ್ನೋ ನಂಬರ್ ನೋಡಿ, ಅದೇ ಮುಖ್ಯ. 160 ಕುದುರೆಶಕ್ತಿ ಅಂತ ಎಲ್ಲರೂ ಕುಣಿಯುತ್ತಾರೆ. ಅಷ್ಟೂ ಬೇಕು ಅಂದ್ರೆ ಇಂಜಿನ್ 5500 ಸುತ್ತು ಕಿರುಚಬೇಕು. ಏಳು ಜನ ಕೂತಾಗ ಯಾರು ಹಾಗೆ ಓಡಿಸುತ್ತಾರೆ? ಆಗುಂಬೆ ತಿರುವಿನಲ್ಲಿ ಸ್ಪೀಡು ಹದಿನೈದಕ್ಕೆ ಇಳಿದು, ಎಸಿ ಆನ್ ಇದ್ದು, ಎದುರಿಗೆ ಬಸ್ಸು ದಾಟಿಹೋದ ಮೇಲೆ ಕಾಲು ಒಂಚೂರು ಒತ್ತಿದರೆ ಗಾಡಿ ಗೊಣಗದೆ ಮೇಲೆ ಬರಬೇಕು. ನಮ್ಮದು ಬರುತ್ತೆ. ಅಪ್ಪಯ್ಯನನ್ನು ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿದಾಗ ಅವರು ಮೊದಲ ನಾಲ್ಕು ತಿರುವಿಗೂ ಎಡಗಾಲು ಒತ್ತುತ್ತಾ ಇದ್ದರು, ಇಲ್ಲದ ಕ್ಲಚ್ಚನ್ನು. ಐದನೇ ತಿರುವಿಗೆ ನಿಲ್ಲಿಸಿದರು. ಮೇಲೆ ಬಂದ ಮೇಲೆ "ಕಲ್ಲು ತಂದಿದ್ದೆ, ಖರ್ಚಾಗ್ಲಿಲ್ಲ" ಅಂದರು.

ನಮ್ಮ ಭಾವನಿಗೆ ಮಾತ್ರ ಇದು ಇವತ್ತಿಗೂ ಒಪ್ಪಿಗೆ ಇಲ್ಲ. ಅವರದು ಇನ್ನೋವಾ, ಡೀಸೆಲ್. ಬಿಡದಿಯಲ್ಲಿ 2005ರಲ್ಲಿ ಶುರುವಾದ ಆ ಗಾಡಿ ನಮ್ಮ ಕಡೆ ಮದುವೆ ಮನೆಗಳಲ್ಲಿ ಒಂದು ಅಂತಸ್ತು, ನಾನೇನೂ ಅಲ್ಲಗಳೆಯಲ್ಲ. "ಘಾಟಿಗೆ ಡೀಸೆಲ್ಲೇ ಸೈ, ನೀನು ಪೆಟ್ರೋಲ್ ಬಂಕಿನವನನ್ನು ಸಾಕ್ತಿದೀಯ" ಅಂತಾರೆ. ಅರ್ಧ ನಿಜ. ಕಾರೆನ್ಸಿನ ಡೀಸೆಲ್ ಇಂಜಿನ್ನಿಗೂ 250 ಟಾರ್ಕ್ ಇದೆ, ಮೈಲೇಜೂ ಜಾಸ್ತಿ. ಆದರೆ ನನ್ನ ದಿನದ ಓಡಾಟ ಏನು? ಮನೆಯಿಂದ ಸ್ಕೂಲು, ಸ್ಕೂಲಿಂದ ಆಫೀಸು, ಏಳು ಕಿಲೋಮೀಟರ್. ಈಗಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಅದು ಚೆನ್ನಾಗಿ ಬಿಸಿಯಾದರೇನೇ ಮಸಿ ಸುಟ್ಟು ಕ್ಲೀನ್ ಆಗೋದು. ಏಳು ಕಿಲೋಮೀಟರ್ ಟ್ರಾಫಿಕ್ಕಿನಲ್ಲಿ ಅದು ಬಿಸಿಯಾಗೋ ಹೊತ್ತಿಗೆ ಮಗಳ ಸ್ಕೂಲು ಬಂದಿರುತ್ತೆ. ವಾರಕ್ಕೆರಡು ಸಲ ಊರಿಗೆ ಹೋಗುವವರು ಡೀಸೆಲ್ ತಗೊಳ್ಳಿ, ಭಾವನ ಮಾತು ಕೇಳಿ. ನನ್ನ ಹಾಗೆ ವರ್ಷಕ್ಕೆ ಆರು ಸಲ ಹೋಗುವವರು ಯೋಚನೆ ಮಾಡಿ.

ಇನ್ನು ಆಟೋಮ್ಯಾಟಿಕ್ ವಿಷಯ. ಮೊದಲು ಒಂದು ಶೋರೂಮಿಗೆ ಹೋಗಿದ್ದೆವು, ಹೆಸರು ಬೇಡ. ಅಲ್ಲಿಯ ಹುಡುಗ ಅರ್ಧ ಗಂಟೆ ನಮ್ಮನೆಯವರ ಮುಖ ನೋಡಿಕೊಂಡೇ ಮಾತಾಡಿದ. ಇವರಿಗೆ ಡ್ರೈವಿಂಗ್ ಬರಲ್ಲ. ಸೈಕಲ್ ಬ್ಯಾಲೆನ್ಸೂ ಅಷ್ಟಕ್ಕಷ್ಟೇ. ಪಾಪ, ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಕೊನೆಗೆ ಹುಡುಗ ನನ್ನ ಕಡೆ ತಿರುಗಿ "ಮೇಡಂ, ಆಟೋಮ್ಯಾಟಿಕ್ ಆದ್ರೆ ನೀವೂ ಓಡಿಸಬಹುದು" ಅಂದ. ಕಾಫಿ ಕುಡಿದು ಎದ್ದು ಬಂದೆ.

ಸರಿ, ಈಗ ಚಿಕ್ಕಮ್ಮನ ವಿಷಯಕ್ಕೆ ಬರ್ತೀನಿ. ಯೂಟ್ಯೂಬಿನಲ್ಲಿ ರಿವ್ಯೂ ಮಾಡುವ ಹುಡುಗರು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ಅಳೆಯುತ್ತಾರೆ. ಏಳು ಸೀಟಿನ ಗಾಡಿಯಲ್ಲಿ ಒಬ್ಬನೇ ಕೂತು! ನನ್ನ ರಿವ್ಯೂ ಮಾಡೋದು ಮೂರನೇ ಸಾಲಿನಲ್ಲಿ ಕೂರುವ ಚಿಕ್ಕಮ್ಮ. ಅವರಿಗೆ ಘಾಟಿಯಲ್ಲಿ ವಾಂತಿ. ಕೈಯಲ್ಲಿ ಒಂದು ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಬಾಯಿ ಬಿಚ್ಚಿದ ಪ್ಲಾಸ್ಟಿಕ್ ಕವರು. ಮೊದಲ ಟ್ರಿಪ್ಪಿನಲ್ಲಿ ನಾನು ಹೊಸ ಗಾಡಿ ಜೋರಿನಲ್ಲಿದ್ದೆ. ಟರ್ಬೊದಲ್ಲಿ ಕಾಲು ಒತ್ತಿದರೆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಒಮ್ಮೆಲೇ ಜಗ್ಗುತ್ತೆ. ಮುಂದೆ ಕೂತವರಿಗೆ ಅದು ಮಜಾ. ಹಿಂದೆ ಕೂತವರಿಗೆ ತಲೆ ಹಿಂದೆ ಹೋಗಿ ಮುಂದೆ ಬರುತ್ತೆ. ಮೂರನೇ ತಿರುವಿಗೆ ಕವರು ಮುಖದ ಹತ್ತಿರ ಬಂತು, ಆರನೆಯದಕ್ಕೆ ಗಾಡಿ ನಿಲ್ಲಿಸಬೇಕಾಯ್ತು. ಮೇಲೆ ಸೂರ್ಯಾಸ್ತ ನೋಡುವ ಜಾಗದಲ್ಲಿ ಮುಖ ತೊಳೆದುಕೊಂಡು "ನಿಂದ್ ಗಾಡಿ ಒಳ್ಳೇದೇ ಮಾರಾಯ್ತಿ, ನಿನ್ ಕಾಲೇ ಸರಿ ಇಲ್ಲ" ಅಂದರು.

ಅವತ್ತಿನಿಂದ ಕನ್ನಡಿಯಲ್ಲಿ ಆ ಕವರು ನೋಡಿಕೊಂಡೇ ಓಡಿಸೋದು ಕಲಿತೆ. ತಿರುವಿಗೆ ಮುಂಚೆಯೇ ನಿಧಾನ ಮಾಡಬೇಕು. ಗೇರ್ ಲಿವರನ್ನು ಪಕ್ಕಕ್ಕೆ ತಳ್ಳಿ ನಾನೇ ಎರಡನೇ ಗೇರು ಹಾಕಿಕೊಳ್ಳಬೇಕು. ಆಮೇಲೆ ಕಾಲನ್ನು ಮೆತ್ತಗೆ, ಒಂದೇ ಸಮ ಇಡಬೇಕು. ಆಗ ಗೇರು ಪದೇ ಪದೇ ಬದಲಾಗಲ್ಲ, ಜಗ್ಗಾಟವೂ ಇಲ್ಲ. ಇಳಿಯುವಾಗಲೂ ಅಷ್ಟೇ. ಆಟೋಮ್ಯಾಟಿಕ್ ಅಂತ 'ಡಿ'ಯಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕ್ ಹಿಡಿದರೆ ಕೆಳಗೆ ಬರೋ ಹೊತ್ತಿಗೆ ಬ್ರೇಕ್ ಕಾದು ವಾಸನೆ ಬರುತ್ತೆ. ಗೇರಿನಲ್ಲೇ ಗಾಡಿ ತಡೆಯೋದನ್ನು ಅಪ್ಪಯ್ಯ ವ್ಯಾನಿನಲ್ಲಿ ಕಲಿಸಿದ್ದರು. ಇಲ್ಲೂ ಅದೇ.

ಡಿಸಿಟಿ ತಗೊಳ್ಳುವವರು ಇದೊಂದು ತಿಳ್ಕೊಳ್ಳಿ, ಶೋರೂಮಿನಲ್ಲಿ ಯಾರೂ ಹೇಳಲ್ಲ. ಇದರಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಕ್ಲಚ್ ಇದೆ. ಒಂದಲ್ಲ, ಎರಡು. 1, 3, 5, 7ನೇ ಗೇರುಗಳಿಗೆ ಒಂದು, 2, 4, 6ಕ್ಕೆ ಇನ್ನೊಂದು. ಒಂದು ಗೇರಿನಲ್ಲಿ ಹೋಗ್ತಿರುವಾಗಲೇ ಮುಂದಿನ ಗೇರು ರೆಡಿ ಇರುತ್ತೆ, ಅದಕ್ಕೇ ಅಷ್ಟು ಚುರುಕು. ಆದರೆ ಇವು ಒಣ ಕ್ಲಚ್ಚುಗಳು, ತಣ್ಣಗಿಡಲು ಎಣ್ಣೆ ಇಲ್ಲ. ಜಾಮಿನಲ್ಲಿ ಇರುವೆ ಹಾಗೆ ತೆವಳಿದರೆ ಗಾಡಿ ನಿಮ್ಮ ಪರವಾಗಿ ಹಾಫ್ ಕ್ಲಚ್ ಹಾಕುತ್ತಾ ಇರುತ್ತೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ಹಿಡಿದು ನಿಲ್ಲಿಸಿದರಂತೂ ಮುಗೀತು. ನಮ್ಮ ಅಪಾರ್ಟ್‌ಮೆಂಟಿನವರೊಬ್ಬರದು ಬೇರೆ ಕಂಪನಿಯ ಡಿಸಿಟಿ. ಚಾರ್ಮಾಡಿಯಲ್ಲಿ ಲಾರಿ ಕೆಟ್ಟು ಎರಡು ಗಂಟೆ ಜಾಮು. ಅವರು ಹೀಗೇ ತೆವಳಿಸಿದ್ದಾರೆ. ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಮೀಟರಿನಲ್ಲಿ ಎಚ್ಚರಿಕೆ ಬಂತಂತೆ. ಬದಿಗೆ ಹಾಕಿ, ಮಕ್ಕಳ ಜೊತೆ ಮಳೆಯಲ್ಲಿ ಕೂತಿದ್ದರು. ನಾನೇನು ಮಾಡ್ತೀನಿ ಅಂದ್ರೆ, ಮುಂದಿನ ಗಾಡಿ ಎರಡು ಕಾರು ಉದ್ದ ಹೋಗಲಿ ಅಂತ ಕಾಯ್ತೀನಿ, ಆಮೇಲೆ ಒಂದೇ ಸಲ ಹೋಗಿ ಪೂರ್ತಿ ಬ್ರೇಕ್ ಒತ್ತಿ ನಿಲ್ತೀನಿ. ಆ ಗ್ಯಾಪಿಗೆ ಆಟೋ ನುಗ್ಗುತ್ತೆ. ನುಗ್ಗಲಿ. ದಿನವಿಡೀ ಸಿಲ್ಕ್ ಬೋರ್ಡ್ ಕಡೆ ಓಡಾಡುವವರಿಗೆ ಮಾರುತಿ ಎರ್ಟಿಗಾದಲ್ಲಿರುವ ಹಳೇ ನಮೂನೆಯ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ಕೇ, ಅಂದ್ರೆ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸೋದೇ, ನೆಮ್ಮದಿ. ಅದಕ್ಕೆ ತೆವಳಾಟ ಮಾಮೂಲಿ. ಟರ್ಬೊ ಇಲ್ಲ, ಘಾಟಿಯಲ್ಲಿ ಕೂಗುತ್ತೆ, ಅಷ್ಟೇ.

ಮೈಲೇಜು ಕೇಳ್ತೀರಿ, ಗೊತ್ತು. ಬೆಂಗಳೂರೊಳಗೆ ನನಗೆ ಒಂಬತ್ತು, ಊರಿನ ದಾರಿಯಲ್ಲಿ ಹದಿನಾಲ್ಕು. ಮೊದಲ ತಿಂಗಳು, ಕಾಲು ಸರಿ ಇಲ್ಲದಿದ್ದಾಗ, ಏಳು! ಟರ್ಬೊ ಪೆಟ್ರೋಲಿನ ಗುಣವೇ ಅದು. ಊದುಕೊಳವೆ ಜೋರಾಗಿ ಊದಿದರೆ ಸೌದೆ ಬೇಗ ಮುಗಿಯುತ್ತೆ.

ಕೊನೇ ಸೀಟಿಗೆ ಹೋಗೋದು ಕಷ್ಟ ಇಲ್ಲ, ಗುಂಡಿ ಒತ್ತಿದರೆ ಮಧ್ಯದ ಸೀಟು ತಾನೇ ಮಡಚಿ ಮುಂದೆ ಬಾಗುತ್ತೆ. ಚಾವಣಿಯಿಂದ ಎಸಿ ಗಾಳಿಯೂ ಬರುತ್ತೆ. ಚಿಕ್ಕಮ್ಮ ಅಲ್ಲೇ ಆರಾಮಾಗಿ ಕೂರುತ್ತಾರೆ. ಹೋದ ಸಲ ಆಗುಂಬೆ ತಲುಪಿದಾಗ ಹಿಂತಿರುಗಿ ನೋಡಿದರೆ ಕವರು ಮಡಚಿ ಬ್ಯಾಗಿಗೆ ಹಾಕಿ ನಿದ್ದೆ ಹೊಡೀತಾ ಇದ್ದರು.

ನನ್ನ ತಲೆನೋವು ಬೇರೆ. ಏಳೂ ಸೀಟು ಕೂರೋದಕ್ಕೆ ಬಿಟ್ಟರೆ ಹಿಂದೆ ಉಳಿಯೋದು 216 ಲೀಟರ್ ಜಾಗ. ಎರಡು ಬ್ಯಾಗು ಇಟ್ಟರೆ ಭರ್ತಿ. ಅಪ್ಪಯ್ಯ ಈಗಾಗಲೇ ಫೋನ್ ಮಾಡಿ ನಾಲ್ಕು ಹಲಸಿನಹಣ್ಣು ತೆಗೆದಿಟ್ಟಿದ್ದೀನಿ ಅಂದಿದ್ದಾರೆ. ಚಿಕ್ಕಮ್ಮನ ತೊಡೆ ಮೇಲಂತೂ ಇಡೋಕಾಗಲ್ಲ. ಈ ಗಾಡಿಗೆ ಮೇಲೆ ಕ್ಯಾರಿಯರ್ ಹಾಕಿಸಿದವರು ಯಾರಾದ್ರೂ ಇದ್ದರೆ ಕಾಮೆಂಟಿನಲ್ಲಿ ಹೇಳಿ. ಎಷ್ಟಾಯ್ತು, ಘಾಟಿಯಲ್ಲಿ ಓಲಾಡುತ್ತಾ?